ಉಲ್ಲೇಖಗಳ ಎಣಿಕೆ, ಸಂಶೋಧನೆಯ ತೂಕ: ಫಜಿ ಲಾಜಿಕ್ ಕುರಿತ ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯವನ್ನು ಬೇರೆ ಬೇರೆ ಕಡೆಯಿಂದ ಮುಟ್ಟಿವೆ. ಹೌದು, ಇಲ್ಲ ಎಂಬ ಎರಡೇ ಉತ್ತರದ ಬದಲು 'ಎಷ್ಟು ಮಟ್ಟಿಗೆ' ಎಂದು ಲೆಕ್ಕ ಹಾಕುವ ಫಜಿ ಲಾಜಿಕ್ ಮತ್ತು ಅದನ್ನು ಆಧರಿಸಿದ ನಿರ್ಧಾರ ವಿಧಾನಗಳಲ್ಲಿ ಕೆಲಸ ಮಾಡುವ ಸಂಶೋಧಕರ ಪ್ರಕಟಣೆಗಳ ಪ್ರಭಾವವನ್ನು ಹೇಗೆ ಅಳೆಯಬೇಕು ಎಂಬುದೇ ಆ ವಿಷಯ. ಉಲ್ಲೇಖ ಎಂದರೆ ಒಂದು ಲೇಖನವನ್ನು ಬೇರೆ ಲೇಖನಗಳು ಹೆಸರಿಸುವುದು. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಹಾಗೂ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಹೀಗೆ ನಮ್ಮ ಭಾಗದಲ್ಲಿಯೇ ಪಿಎಚ್‌.ಡಿ. ಮಾಡಲು ಅವಕಾಶವಿರುವುದರಿಂದ ಇದು ಹಲವರ ಮನೆಯ ಪ್ರಶ್ನೆಯೂ ಆಗಿದೆ. ಆದ್ದರಿಂದ ಅಂಕಣದ ಪೂರ್ತಿ ಜಾಗವನ್ನು ಈ ನಾಲ್ಕು ಪತ್ರಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಸರ್, ಗಣಿತದಲ್ಲಿ ಎಂ.ಎಸ್‌ಸಿ. ಮುಗಿಸಿ ಪಿಎಚ್‌.ಡಿ. ನೋಂದಣಿಯ ತಯಾರಿಯಲ್ಲಿದ್ದೇನೆ. ಫಜಿ ಲಾಜಿಕ್‌ನಲ್ಲಿ ಕೆಲಸ ಮಾಡುವ ಇಬ್ಬರು ಪ್ರಾಧ್ಯಾಪಕರು ನನ್ನನ್ನು ವಿದ್ಯಾರ್ಥಿನಿಯಾಗಿ ತೆಗೆದುಕೊಳ್ಳಲು ಒಪ್ಪಿದ್ದಾರೆ. ಗೂಗಲ್ ಸ್ಕಾಲರ್‌ನಲ್ಲಿ ಒಬ್ಬರ ಎಚ್-ಇಂಡೆಕ್ಸ್ 31 ಇದೆ, ಇನ್ನೊಬ್ಬರದು 9. ನಮ್ಮ ಅಣ್ಣ ಇದನ್ನು ನೋಡಿ, ಇದರಲ್ಲಿ ಯೋಚನೆ ಮಾಡುವುದೇನಿದೆ, 31 ಇದ್ದವರ ಕೈಕೆಳಗೆ ಸೇರು ಎನ್ನುತ್ತಾನೆ. ಈ ಸಂಖ್ಯೆಯನ್ನು ನಂಬಿ ಐದು ವರ್ಷದ ತೀರ್ಮಾನ ತೆಗೆದುಕೊಳ್ಳಬಹುದೇ?
– ಸಂಶೋಧನಾಕಾಂಕ್ಷಿ, ವಿಜಯಪುರ

ಉತ್ತರ: ಬೇಡ. ಸಂಖ್ಯೆಯನ್ನು ನೋಡಿ, ಆದರೆ ಅದು ಹೇಗೆ ಹುಟ್ಟಿತು ಎಂಬುದನ್ನು ತಿಳಿದ ಮೇಲೆ ನೋಡಿ.

ಎಚ್-ಇಂಡೆಕ್ಸನ್ನು 2005ರಲ್ಲಿ ಸೂಚಿಸಿದವರು ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಹೋರ್ಹೆ ಹಿರ್ಷ್. ಒಬ್ಬರ ಲೇಖನಗಳನ್ನು, ಅವು ಪಡೆದ ಉಲ್ಲೇಖಗಳ ಇಳಿಕೆಯ ಕ್ರಮದಲ್ಲಿ ಜೋಡಿಸಿಕೊಂಡು ಮೇಲಿನಿಂದ ಎಣಿಸುತ್ತ ಹೋಗಬೇಕು. ಲೇಖನದ ಉಲ್ಲೇಖಗಳು ಅದರ ಕ್ರಮಸಂಖ್ಯೆಗಿಂತ ಕಡಿಮೆಯಾಗದೆ ಉಳಿಯುವ ಕೊನೆಯ ಸ್ಥಾನವೇ ಎಚ್-ಇಂಡೆಕ್ಸ್. ಒಬ್ಬರ 12 ಲೇಖನಗಳಿಗೆ ಕ್ರಮವಾಗಿ 310, 64, 22, 15, 9, 8, 8, 5, 3, 1, 0, 0 ಉಲ್ಲೇಖಗಳಿವೆ ಎಂದುಕೊಳ್ಳಿ. ಏಳನೆಯ ಲೇಖನಕ್ಕೆ 8 ಉಲ್ಲೇಖಗಳಿವೆ, ಎಂಟನೆಯದಕ್ಕೆ 5 ಮಾತ್ರ. ಆದ್ದರಿಂದ ಅವರ ಎಚ್-ಇಂಡೆಕ್ಸ್ 7. ಇನ್ನೊಬ್ಬರು ಅಷ್ಟೇ ಲೇಖನ ಬರೆದು ಪ್ರತಿಯೊಂದಕ್ಕೂ 20 ಉಲ್ಲೇಖ ಪಡೆದಿದ್ದರೆ ಅವರದು 12. ಒಟ್ಟು ಉಲ್ಲೇಖಗಳನ್ನು ಕೂಡಿಸಿದರೆ ಮೊದಲನೆಯವರದು 445, ಎರಡನೆಯವರದು 240. ಇನ್ನೂ ಒಂದು ಮಾತು: ಮೊದಲನೆಯವರ ಮುಖ್ಯ ಲೇಖನದ ಉಲ್ಲೇಖ 310ರಿಂದ 3000ಕ್ಕೆ ಏರಿದರೂ ಅವರ ಎಚ್-ಇಂಡೆಕ್ಸ್ 7ರಲ್ಲಿಯೇ ನಿಂತಿರುತ್ತದೆ. ಅಂದರೆ ಈ ಅಳತೆ ಸತತವಾಗಿ, ಮಧ್ಯಮ ಪ್ರಮಾಣದಲ್ಲಿ ಉಲ್ಲೇಖ ಪಡೆಯುವ ಅನೇಕ ಲೇಖನಗಳನ್ನು ಮೆಚ್ಚುತ್ತದೆ; ಒಂದೇ ಒಂದು ದೊಡ್ಡ ವಿಚಾರವನ್ನು ಕೊಟ್ಟವರನ್ನು ಅದು ಗುರುತಿಸುವುದಿಲ್ಲ.

ಎರಡನೆಯದಾಗಿ, ಸಂಖ್ಯೆಯ ಮೂಲ ಯಾವುದು ಎಂಬುದನ್ನು ನೋಡಬೇಕು. ಗೂಗಲ್ ಸ್ಕಾಲರ್ ಯಂತ್ರದ ಮೂಲಕ ತಾನಾಗಿಯೇ ಎಣಿಸುವುದರಿಂದ ಸಮ್ಮೇಳನದ ಪ್ರಬಂಧ, ವಿದ್ಯಾರ್ಥಿಗಳ ಥೀಸಿಸ್, ಇನ್ನೂ ಪರಿಶೀಲನೆಯಾಗದ ಕರಡು ಎಲ್ಲವೂ ಅದರ ಲೆಕ್ಕಕ್ಕೆ ಸೇರುತ್ತವೆ. ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್ ಎಂಬ ಉಲ್ಲೇಖ ಸೂಚಿಗಳು ತಾವು ಆರಿಸಿಕೊಂಡ ಪತ್ರಿಕೆಗಳನ್ನೇ ಮುಖ್ಯವಾಗಿ ಎಣಿಸುತ್ತವೆ. ಆದ್ದರಿಂದ ಒಬ್ಬರ ಸ್ಕಾಲರ್ ಸಂಖ್ಯೆಯನ್ನು ಇನ್ನೊಬ್ಬರ ಸ್ಕೋಪಸ್ ಸಂಖ್ಯೆಯೊಡನೆ ಹೋಲಿಸುವುದು ತಪ್ಪು. ನಮ್ಮ ಭಾಗಕ್ಕೆ ವಿಶೇಷವಾದ ಒಂದು ತೊಡಕೂ ಇಲ್ಲಿದೆ. ಪಾಟೀಲ, ಕುಲಕರ್ಣಿ, ಹಿರೇಮಠ, ದೇಸಾಯಿ ಮುಂತಾದ ಅಡ್ಡಹೆಸರುಗಳ ಮುಂದೆ ಎರಡೇ ಇನಿಷಿಯಲ್ ಇದ್ದಾಗ, ಬೆಳಗಾವಿಯ ಒಬ್ಬ ಪಾಟೀಲರ ಪುಟಕ್ಕೆ ಕೊಲ್ಹಾಪುರದ ಇನ್ನೊಬ್ಬ ಪಾಟೀಲರ ಲೇಖನಗಳು ಬಂದು ಸೇರುವುದು ಸಾಮಾನ್ಯ. ಅದು ಯಾರ ಮೋಸವೂ ಆಗಿರಬೇಕಿಲ್ಲ. ಪುಟದ ಒಡೆಯರು ಆಗಾಗ ನೋಡಿ ಬೇರೆಯವರ ಲೇಖನಗಳನ್ನು ತೆಗೆಯದಿದ್ದರೆ ಹಾಗೆಯೇ ಉಳಿದುಬಿಡುತ್ತದೆ. ಗಣಿತದ ಸಂಶೋಧಕರ ಪುಟದಲ್ಲಿ ಔಷಧಶಾಸ್ತ್ರದ ಲೇಖನ ಕಂಡರೆ ಅದನ್ನು ಲೆಕ್ಕದಿಂದ ಬಿಡಿ.

ಮೂರನೆಯದು ವಯಸ್ಸು. 25 ವರ್ಷ ಸೇವೆ ಸಲ್ಲಿಸಿದವರ 31ನ್ನು, 8 ವರ್ಷದ ಹಿಂದೆ ಸಂಶೋಧನೆ ಆರಂಭಿಸಿದವರ 9ರ ಪಕ್ಕದಲ್ಲಿಟ್ಟರೆ ಯಾರ ಕೆಲಸದ ಬಗೆಗೂ ಏನೂ ತಿಳಿಯುವುದಿಲ್ಲ. ಎಚ್-ಇಂಡೆಕ್ಸ್ ಕಾಲ ಕಳೆದಂತೆ ಏರುತ್ತದೆಯೇ ಹೊರತು ಇಳಿಯುವ ಅಳತೆಯಲ್ಲ.

ಹಾಗಾದರೆ ನೋಡಬೇಕಾದದ್ದು ಏನು? ಇಬ್ಬರ ಲೇಖನಗಳಲ್ಲಿಯೂ ಹೆಚ್ಚು ಉಲ್ಲೇಖ ಪಡೆದ ಮೂರು ಮೂರನ್ನು ತೆಗೆದುಕೊಳ್ಳಿ. ಸ್ಕಾಲರ್‌ನಲ್ಲಿ ಪ್ರತಿ ಲೇಖನದ ಕೆಳಗೆ ಅದನ್ನು ಉಲ್ಲೇಖಿಸಿದವರ ಪಟ್ಟಿ ತೆರೆಯುತ್ತದೆ. ಅದರಲ್ಲಿ ಹತ್ತಾದರೂ ಲೇಖನಗಳನ್ನು ತೆರೆದು, ಈ ಪ್ರಾಧ್ಯಾಪಕರ ಹೆಸರು ಯಾವ ಸಾಲಿನಲ್ಲಿ ಬಂದಿದೆ ಎಂದು ಹುಡುಕಿ. ಪೀಠಿಕೆಯಲ್ಲಿ 'ಈ ವಿಷಯದಲ್ಲಿ ಅನೇಕರು ಕೆಲಸ ಮಾಡಿದ್ದಾರೆ' ಎಂಬ ವಾಕ್ಯದ ಕೊನೆಗೆ ಹದಿನೈದು ಹೆಸರುಗಳ ಗುಂಪಿನಲ್ಲಿ ಒಂದಾಗಿ ಬಂದಿದ್ದರೆ ಅದು ಹಾಜರಿ ಮಾತ್ರ. ವಿಧಾನದ ಭಾಗದಲ್ಲಿ ಅವರ ಸೂತ್ರವನ್ನು ಬಳಸಿಕೊಂಡಿದ್ದರೆ, ಅಥವಾ ಅವರ ಪ್ರಮೇಯದಲ್ಲಿ ಲೋಪ ಕಂಡು ಯಾರಾದರೂ ತಿದ್ದಿದ್ದರೆ, ಅದು ನಿಜವಾದ ಪ್ರಭಾವ. ಟೀಕೆಗೆ ಗುರಿಯಾಗುವುದೂ ಪ್ರಭಾವವೇ ಎಂದು ನಾನು ನಂಬುತ್ತೇನೆ. ಗಂಭೀರವಾಗಿ ಓದದವರು ಟೀಕಿಸಲಾರರು. ಉಲ್ಲೇಖಿಸಿದವರಲ್ಲಿ ಸ್ವತಃ ಅವರು, ಅವರ ವಿದ್ಯಾರ್ಥಿಗಳು, ಸಹಲೇಖಕರು ಎಷ್ಟು, ಅಪರಿಚಿತರು ಎಷ್ಟು ಎಂಬುದನ್ನೂ ಗುರುತು ಮಾಡಿಕೊಳ್ಳಿ. ತನ್ನ ಹಿಂದಿನ ಕೆಲಸವನ್ನು ಮುಂದುವರಿಸುವಾಗ ಅದನ್ನು ಹೆಸರಿಸುವುದು ಸಹಜ, ಆದರೆ ಅರ್ಧಕ್ಕಿಂತ ಹೆಚ್ಚು ಉಲ್ಲೇಖ ತಮ್ಮದೇ ಬಳಗದಿಂದ ಬಂದಿದ್ದರೆ ಯೋಚಿಸಬೇಕು.

ಇದಾದ ಮೇಲೆ ಇಬ್ಬರ ಹಳೆಯ ವಿದ್ಯಾರ್ಥಿಗಳನ್ನೂ ಭೇಟಿಯಾಗಿ, ಗೈಡ್ ತಮ್ಮ ಕರಡನ್ನು ಸಾಲುಸಾಲಾಗಿ ಓದಿ ತಿದ್ದುತ್ತಿದ್ದರೇ ಎಂದು ವಿಚಾರಿಸಿ. ನಿಮ್ಮ ಐದು ವರ್ಷಗಳಿಗೆ ಈ ಉತ್ತರವೇ ಹೆಚ್ಚು ಮುಖ್ಯ. ನೆನಪಿಡಿ, ಥೀಸಿಸ್ ಸಲ್ಲಿಸುವ ಮೊದಲು ಲೇಖನ ಪ್ರಕಟವಾಗಿರಲೇಬೇಕೆಂಬ ನಿಯಮವನ್ನು ಯುಜಿಸಿ ತನ್ನ 2022ರ ಪಿಎಚ್‌.ಡಿ. ನಿಯಮಾವಳಿಯಲ್ಲಿ ಕೈಬಿಟ್ಟಿದೆ. ನೀವು ಸೇರುವ ವಿಶ್ವವಿದ್ಯಾಲಯದ ಸ್ವಂತ ನಿಯಮ ಏನಿದೆ ಎಂಬುದನ್ನು ಮಾತ್ರ ಮೊದಲೇ ಕೇಳಿಕೊಳ್ಳಿ.

ಪ್ರಶ್ನೆ: ನಮ್ಮೂರಿನ ಕಾಲೇಜೊಂದರ ಗೇಟಿನ ಮುಂದೆ 'ವಿಶ್ವದ ಶೇ. 2ರ ಅಗ್ರ ವಿಜ್ಞಾನಿ' ಎಂದು ಅಧ್ಯಾಪಕರೊಬ್ಬರ ಫ್ಲೆಕ್ಸ್ ಹಾಕಿದ್ದಾರೆ. ಅದರಲ್ಲಿಯೇ ಅವರ ಲೇಖನ 'ಇಂಪ್ಯಾಕ್ಟ್ ಫ್ಯಾಕ್ಟರ್ 5 ಇರುವ ಜರ್ನಲ್'ನಲ್ಲಿ ಬಂದಿದೆ ಎಂದೂ ಇದೆ. ಇವೆರಡರ ಅರ್ಥವೇನು?
– ನಿವೃತ್ತ ಪ್ರೌಢಶಾಲಾ ಶಿಕ್ಷಕರು, ಗೋಕಾಕ

ಉತ್ತರ: ಇಂಪ್ಯಾಕ್ಟ್ ಫ್ಯಾಕ್ಟರ್ ಜರ್ನಲ್‌ನ ಸರಾಸರಿ, ಲೇಖನದ ಅಂಕವಲ್ಲ. ಇದರ ಹಿಂದಿರುವ ಹೆಸರು ಅಮೆರಿಕದ ಯೂಜೀನ್ ಗಾರ್ಫೀಲ್ಡ್. ತಮ್ಮ ಉಲ್ಲೇಖ ಸೂಚಿಗೆ ಯಾವ ಪತ್ರಿಕೆಗಳನ್ನು ಸೇರಿಸಬೇಕು ಎಂದು ಆರಿಸುವುದಕ್ಕೆ ಅವರು ಈ ಲೆಕ್ಕವನ್ನು ರೂಪಿಸಿಕೊಂಡರು; 1975ರಿಂದ ಅದು ವಾರ್ಷಿಕವಾಗಿ ಪ್ರಕಟವಾಗತೊಡಗಿತು. 2024ರ ಇಂಪ್ಯಾಕ್ಟ್ ಫ್ಯಾಕ್ಟರ್ ಎಂದರೆ, ಆ ಪತ್ರಿಕೆ 2022 ಮತ್ತು 2023ರಲ್ಲಿ ಪ್ರಕಟಿಸಿದ ಬರಹಗಳಿಗೆ 2024ರಲ್ಲಿ ಬಂದ ಉಲ್ಲೇಖಗಳನ್ನು ಆ ಎರಡು ವರ್ಷದ ಲೇಖನಗಳ ಸಂಖ್ಯೆಯಿಂದ ಭಾಗಿಸಿದ ಫಲ. 200 ಲೇಖನಗಳಿಗೆ 1000 ಉಲ್ಲೇಖ ಬಂದಿದ್ದರೆ ಅದು 5. ಆ 1000ದಲ್ಲಿ 600ನ್ನು ಹತ್ತೇ ಲೇಖನಗಳು ಪಡೆದಿರಬಹುದು. ಆಗ ಉಳಿದ 190 ಲೇಖನಗಳ ಸರಾಸರಿ ಎರಡರ ಆಸುಪಾಸಿನಲ್ಲಿರುತ್ತದೆ. ನಿಮ್ಮೂರಿನ ಅಧ್ಯಾಪಕರ ಲೇಖನ ಆ ಹತ್ತರಲ್ಲಿದೆಯೋ 190ರಲ್ಲಿದೆಯೋ ಎಂಬುದನ್ನು 5 ಎಂಬ ಅಂಕಿ ಹೇಳುವುದಿಲ್ಲ. ಸಂಶೋಧಕರ ನೇಮಕ, ಬಡ್ತಿಗಳಿಗೆ ಜರ್ನಲ್‌ನ ಈ ಅಂಕಿಯನ್ನು ಬಳಸಬಾರದೆಂದು 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಿದ ಸಂಪಾದಕರು ಮತ್ತು ಪ್ರಕಾಶಕರು ರೂಪಿಸಿದ ಘೋಷಣೆ ಸ್ಪಷ್ಟವಾಗಿ ಹೇಳಿದೆ.

ಶೇ. 2ರ ಪಟ್ಟಿ ನಿಜವಾದದ್ದೇ. ಸ್ಟ್ಯಾನ್‌ಫರ್ಡ್‌ನ ಜಾನ್ ಐಯೊನಿಡಿಸ್ ಮತ್ತು ಸಂಗಡಿಗರು ಸ್ಕೋಪಸ್‌ನ ಉಲ್ಲೇಖ ಮಾಹಿತಿಯಿಂದ ಅದನ್ನು ತಯಾರಿಸುತ್ತಾರೆ. ಅದು ಪ್ರಶಸ್ತಿಯಲ್ಲ, ಯಾರೂ ಆರಿಸಿ ಕೊಡುವುದಿಲ್ಲ. ಲೆಕ್ಕದಿಂದ ತಾನಾಗಿ ಬರುವ ಪಟ್ಟಿ. ವೃತ್ತಿಜೀವನ ಪೂರ್ತಿಯದು ಬೇರೆ, ಒಂದೇ ವರ್ಷದ್ದು ಬೇರೆ. ಇವೆರಡರಲ್ಲಿ ಮೊದಲನೆಯದರ ತೂಕ ಹೆಚ್ಚು. ತನ್ನನ್ನು ತಾನೇ ಉಲ್ಲೇಖಿಸಿಕೊಂಡದ್ದನ್ನು ಬಿಟ್ಟು ಮಾಡಿದ ಲೆಕ್ಕವನ್ನೂ ಅದರಲ್ಲಿ ಕೊಟ್ಟಿರುತ್ತಾರೆ. ಫ್ಲೆಕ್ಸ್ ಹಾಕಿಸುವವರು ಈ ವಿವರವನ್ನೂ ಒಂದು ಸಾಲಿನಲ್ಲಿ ಬರೆಸಿದರೆ ಊರಿನವರಿಗೆ ಉಪಕಾರವಾಗುತ್ತದೆ.

ಪ್ರಶ್ನೆ: ನಾನು ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕ. ಕ್ಯೂ-ರಂಗ್ ಆರ್ಥೋಪೇರ್ ಫಜಿ ಸೆಟ್‌ಗಳನ್ನು ಟಾಪ್ಸಿಸ್ ವಿಧಾನದೊಡನೆ ಕೂಡಿಸಿ ಬರೆದ ನನ್ನ ಒಂದು ಲೇಖನಕ್ಕೆ 140 ಉಲ್ಲೇಖಗಳು ಬಂದಿವೆ. ವಿಭಾಗದ ಹಿರಿಯ ಸಹೋದ್ಯೋಗಿಯೊಬ್ಬರು 'ಇದು ಹಳೆಯ ಎರಡನ್ನು ಜೋಡಿಸಿದ ಕೆಲಸ, ಇದಕ್ಕೆ ಪ್ರಭಾವ ಎನ್ನಬೇಡಿ' ಎಂದರು. ಮನಸ್ಸಿಗೆ ನೋವಾಯಿತು. ಅವರ ಮಾತು ಸರಿಯೇ?
– ಬಾಗಲಕೋಟೆಯ ಓದುಗರು

ಉತ್ತರ: ಅವರ ಮಾತಿನಲ್ಲಿ ಅರ್ಧ ನಿಜವಿದೆ. ಯಾವ ಅರ್ಧ ಎಂಬುದನ್ನು ಹೇಳಬೇಕಾದರೆ ಈ ಕ್ಷೇತ್ರ ಬೆಳೆದ ರೀತಿಯನ್ನು ಸ್ವಲ್ಪ ವಿವರವಾಗಿ ನೋಡಬೇಕು, ಉಳಿದ ಓದುಗರಿಗೂ ಅದು ಬೇಕಾಗುತ್ತದೆ.

ಬರ್ಕ್ಲಿಯಲ್ಲಿ ಪ್ರಾಧ್ಯಾಪಕರಾಗಿದ್ದ ಲಾಟ್ಫಿ ಜಾದೆ 1965ರಲ್ಲಿ ಫಜಿ ಸೆಟ್‌ಗಳನ್ನು ಪರಿಚಯಿಸಿದರು. ಒಂದು ವಸ್ತು ಒಂದು ಗುಂಪಿಗೆ ಸೇರುತ್ತದೆ ಅಥವಾ ಇಲ್ಲ ಎಂಬ ಎರಡೇ ಉತ್ತರದ ಬದಲು, ಸೊನ್ನೆಯಿಂದ ಒಂದರವರೆಗೆ ಎಷ್ಟು ಮಟ್ಟಿಗೆ ಸೇರುತ್ತದೆ ಎಂದು ಹೇಳಬಹುದೆಂಬುದು ಅವರ ವಿಚಾರ. 1986ರಲ್ಲಿ ಬಲ್ಗೇರಿಯಾದ ಕ್ರಾಸಿಮಿರ್ ಅತನಾಸೋವ್ ಪ್ರಕಟಿಸಿದ ಲೇಖನದಲ್ಲಿ ಸೇರುವ ಮಟ್ಟದ ಜೊತೆಗೆ ಸೇರದಿರುವ ಮಟ್ಟವನ್ನೂ ಬೇರೆಯಾಗಿ ಬರೆದುಕೊಂಡು, ಎರಡರ ಮೊತ್ತ 1ನ್ನು ಮೀರಬಾರದೆಂದು ಷರತ್ತು ಹಾಕಿದರು. ತಜ್ಞರೊಬ್ಬರು 0.8 ಮತ್ತು 0.5 ಎಂದು ಕೊಟ್ಟರೆ ಮೊತ್ತ 1.3 ಆಗಿ ಷರತ್ತು ಮುರಿಯುತ್ತದೆ. 2013ರಲ್ಲಿ ರೊನಾಲ್ಡ್ ಯೇಗರ್ ಪೈಥಾಗೋರಿಯನ್ ಫಜಿ ಸೆಟ್‌ಗಳಲ್ಲಿ ಮೊತ್ತದ ಬದಲು ವರ್ಗಗಳ ಮೊತ್ತವನ್ನು ತೆಗೆದುಕೊಂಡರು; 0.64 ಮತ್ತು 0.25 ಸೇರಿ 0.89 ಆಗುವುದರಿಂದ ಅದೇ ಜೋಡಿ ಈಗ ಒಳಗೆ ಬಂತು. ಆದರೆ 0.9 ಮತ್ತು 0.7ರ ವರ್ಗಗಳ ಮೊತ್ತ 1.30. ಘನಗಳ ಮೊತ್ತವೂ 1ನ್ನು ಮೀರುತ್ತದೆ, ನಾಲ್ಕನೆಯ ಘಾತಕ್ಕೆ ಹೋದರೆ ಮಾತ್ರ 0.9ರ ಹತ್ತಿರ ಬರುತ್ತದೆ. ಘಾತವನ್ನು ಬೇಕಾದಂತೆ ಏರಿಸಿಕೊಳ್ಳಲು ಬಿಡುವುದೇ ನೀವು ಬಳಸಿದ ಕ್ಯೂ-ರಂಗ್ ಆರ್ಥೋಪೇರ್ ಸೆಟ್, ಅದೂ ಯೇಗರ್ ಅವರದೇ.

ಇನ್ನೊಂದು ಕಡೆ, ಪರ್ಯಾಯಗಳಿಗೆ ರ‍್ಯಾಂಕ್ ಕೊಡುವ ವಿಧಾನಗಳಿವೆ: ಮಾನದಂಡಗಳನ್ನು ಎರಡೆರಡಾಗಿ ಹೋಲಿಸಿ ತೂಕ ಕೊಡುವ, ಥಾಮಸ್ ಸಾಟಿ ಅವರ ಎಎಚ್‌ಪಿ, ಪ್ರತಿ ಪರ್ಯಾಯವು ಆದರ್ಶಕ್ಕೆ ಎಷ್ಟು ಹತ್ತಿರ ಎಂದು ಅಳೆಯುವ, 1981ರಲ್ಲಿ ಹ್ವಾಂಗ್ ಮತ್ತು ಯೂನ್ ಕೊಟ್ಟ ಟಾಪ್ಸಿಸ್, ಇನ್ನೂ ಹಲವು. ಹತ್ತು ಬಗೆಯ ಸೆಟ್, ಹತ್ತು ಬಗೆಯ ರ‍್ಯಾಂಕಿಂಗ್ ವಿಧಾನ, ಅಂಕಗಳನ್ನು ಒಗ್ಗೂಡಿಸುವ ಹತ್ತು ಬಗೆಯ ಸೂತ್ರ ಇವೆ ಎಂದಿಟ್ಟುಕೊಂಡರೂ ಸಾವಿರ ಜೋಡಣೆಗಳು ಸಾಧ್ಯ, ಪ್ರತಿ ಜೋಡಣೆಗೂ ಒಂದು ಲೇಖನ ಬರೆಯಲು ಬರುತ್ತದೆ. ಹಾಗೆ ಬರೆದ ಪ್ರತಿಯೊಬ್ಬರೂ ಹಿಂದಿನ ಜೋಡಣೆಗಳನ್ನು ಸಾಲಾಗಿ ಹೆಸರಿಸಲೇಬೇಕು. ಹೀಗಾಗಿ ಈ ಕ್ಷೇತ್ರದಲ್ಲಿ ಉಲ್ಲೇಖಗಳು ಬೇಗನೆ ಏರುತ್ತವೆ. ಇಲ್ಲಿಯ 140 ಉಲ್ಲೇಖವನ್ನು ಸಂಖ್ಯಾಸಿದ್ಧಾಂತದಲ್ಲಿ ಕೆಲಸ ಮಾಡುವವರ 140ರೊಡನೆ ಸಮ ಎಂದು ಹೇಳಲಾಗದು. ಉಲ್ಲೇಖಗಳ ಆಧಾರದ ಮೇಲೆ ಪ್ರತಿವರ್ಷ ಸಂಶೋಧಕರ ಪಟ್ಟಿ ಹೊರಡಿಸುವ ಕ್ಲಾರಿವೇಟ್ ಸಂಸ್ಥೆ, ಉಲ್ಲೇಖಗಳನ್ನು ಕೃತಕವಾಗಿ ಏರಿಸುವ ಪ್ರವೃತ್ತಿಯನ್ನು ಗಮನಿಸಿ, 2023ರಲ್ಲಿ ಗಣಿತ ವಿಭಾಗವನ್ನೇ ಆ ಪಟ್ಟಿಯಿಂದ ಕೈಬಿಟ್ಟಿತು. ಫಜಿ ವಿಷಯದ್ದೇ ಆದ, ಹೆಸರಿದ್ದ ಒಂದು ಪತ್ರಿಕೆ 2024ರಿಂದೀಚೆಗೆ ನೂರಾರು ಲೇಖನಗಳನ್ನು ಹಿಂತೆಗೆದುಕೊಂಡದ್ದನ್ನೂ ನೀವು ಓದಿರುತ್ತೀರಿ.

ಇದು ನಿಮ್ಮ ಸಹೋದ್ಯೋಗಿಯ ಮಾತಿನ ನಿಜವಾದ ಅರ್ಧ. ಆದರೆ ಜೋಡಣೆ ಎಂದಕೂಡಲೇ ಕೀಳು ಎನ್ನುವುದು ತಪ್ಪು. ಹಳೆಯ ವಿಧಾನಗಳು ತಪ್ಪು ನಿರ್ಧಾರ ಕೊಡುವ ಒಂದು ನಿಜವಾದ ಸಮಸ್ಯೆಯನ್ನು ನೀವು ತೋರಿಸಿ, ನಿಮ್ಮ ಜೋಡಣೆ ಅದನ್ನು ಏಕೆ ಸರಿಪಡಿಸುತ್ತದೆ ಎಂದು ಸಾಧಿಸಿದ್ದರೆ ಅದು ಕೊಡುಗೆಯೇ. ನಿಮ್ಮ ಲೇಖನದ ಕೊನೆಯ ಕೋಷ್ಟಕವನ್ನು ಮತ್ತೆ ನೋಡಿ. ಇಂತಹ ಬಹುಪಾಲು ಲೇಖನಗಳಲ್ಲಿ ಅಲ್ಲಿ ಹೊಸ ವಿಧಾನದ ರ‍್ಯಾಂಕಿಂಗ್ ಮತ್ತು ನಾಲ್ಕಾರು ಹಳೆಯ ವಿಧಾನಗಳ ರ‍್ಯಾಂಕಿಂಗ್ ಅಕ್ಕಪಕ್ಕ ಇರುತ್ತವೆ, ಎಲ್ಲವೂ ಒಂದೇ ಆಗಿರುತ್ತವೆ, ಅದರ ಕೆಳಗೆ 'ಇದರಿಂದ ನಮ್ಮ ವಿಧಾನ ಸರಿಯೆಂದು ಸಿದ್ಧವಾಯಿತು' ಎಂದು ಬರೆದಿರುತ್ತಾರೆ. ಎಲ್ಲವೂ ಒಂದೇ ಉತ್ತರ ಕೊಡುವುದಾದರೆ ಹೊಸದು ಏಕೆ ಬೇಕಾಯಿತು ಎಂಬ ಪ್ರಶ್ನೆಗೆ ಆ ವಾಕ್ಯ ಉತ್ತರಿಸುವುದಿಲ್ಲ.

ಉಲ್ಲೇಖದ ಸಂಖ್ಯೆ ಎಷ್ಟು ದೊಡ್ಡದಾದರೂ ಅದು ವಿಧಾನದ ಸರಿತನಕ್ಕೆ ಸಾಕ್ಷಿಯಲ್ಲ ಎಂಬುದಕ್ಕೆ ಈ ಕ್ಷೇತ್ರದಲ್ಲಿಯೇ ಒಂದು ಗಟ್ಟಿ ಉದಾಹರಣೆಯಿದೆ. 1996ರಲ್ಲಿ ದಾ-ಯೋಂಗ್ ಚಾಂಗ್ ಅವರು ಯುರೋಪಿಯನ್ ಜರ್ನಲ್ ಆಫ್ ಆಪರೇಷನಲ್ ರಿಸರ್ಚ್‌ನಲ್ಲಿ ಫಜಿ ಎಎಚ್‌ಪಿಗೆ ಎಕ್ಸ್‌ಟೆಂಟ್ ಅನಾಲಿಸಿಸ್ ಎಂಬ ಸುಲಭ ಲೆಕ್ಕವನ್ನು ಕೊಟ್ಟರು. ಅದು ಸಾವಿರಾರು ಉಲ್ಲೇಖ ಪಡೆಯಿತು. 2008ರಲ್ಲಿ ವಾಂಗ್, ಲುವೊ, ಹುವಾ ಎಂಬ ಮೂವರು ಅದೇ ಪತ್ರಿಕೆಯಲ್ಲಿ, ಈ ಲೆಕ್ಕದಿಂದ ಬರುವ ಅಂಕಗಳು ಮಾನದಂಡಗಳ ನಿಜವಾದ ಮಹತ್ವವನ್ನು ತೋರಿಸುವುದಿಲ್ಲವೆಂದೂ, ಮುಖ್ಯವಾದ ಮಾನದಂಡಕ್ಕೂ ಸೊನ್ನೆ ತೂಕ ಬಂದು ಅದು ನಿರ್ಧಾರದಿಂದಲೇ ಹೊರಗೆ ಬೀಳಬಹುದೆಂದೂ ಉದಾಹರಣೆ ಸಮೇತ ತೋರಿಸಿದರು. ಅದಕ್ಕೆ ಒಂದು ವರ್ಷ ಮೊದಲು ಸ್ವತಃ ಸಾಟಿ ಅವರೇ, ಸಹಲೇಖಕರೊಡನೆ, ಎಎಚ್‌ಪಿಯ ಅಂಕಗಳನ್ನು ಫಜಿ ಮಾಡುವುದು ಸಮರ್ಥನೀಯವಲ್ಲ ಎಂದು ವಾದಿಸಿದ್ದರು. ಇಷ್ಟಾದ ಮೇಲೂ ಚಾಂಗ್ ಅವರ ಲೆಕ್ಕವನ್ನು ಹಾಗೆಯೇ ಬಳಸಿದ ಲೇಖನಗಳು ಬರುತ್ತಲೇ ಇವೆ. ನನಗೆ ಅತ್ಯಂತ ಬೇಸರ ತರುವ ಸಂಗತಿ ಇದು. 1996ರ ಲೇಖನವನ್ನು ಉಲ್ಲೇಖಿಸುವವರಿಗೆ ಅದೇ ಪತ್ರಿಕೆಯ 2008ರ ಸಂಚಿಕೆಯನ್ನು ತೆರೆಯುವುದು ಕಷ್ಟದ ಕೆಲಸವೇನಲ್ಲ.

ಇದರ ಎದುರಿಗೆ ನಿಧಾನವಾಗಿ, ಆದರೆ ಆಳವಾಗಿ ಬೇರೂರಿದ ಪ್ರಭಾವವನ್ನೂ ನೋಡಿ. ಜಾದೆ ಅವರ ವಿಚಾರವನ್ನು ಮೊದಲ ವರ್ಷಗಳಲ್ಲಿ ರುಡಾಲ್ಫ್ ಕಾಲ್ಮನ್ ಅವರಂತಹ ದೊಡ್ಡ ನಿಯಂತ್ರಣ ವಿಜ್ಞಾನಿಯೇ ಬಹಿರಂಗವಾಗಿ ಟೀಕಿಸಿದ್ದರು. ಸುಮಾರು ಹತ್ತು ವರ್ಷಗಳ ನಂತರ ಲಂಡನ್ನಿನ ಕ್ವೀನ್ ಮೇರಿ ಕಾಲೇಜಿನಲ್ಲಿ ಇಬ್ರಾಹಿಂ ಮಮ್ದಾನಿ ಮತ್ತು ಅವರ ವಿದ್ಯಾರ್ಥಿ ಅಸಿಲಿಯನ್ ಒಂದು ಪುಟ್ಟ ಉಗಿಯಂತ್ರವನ್ನು 'ಒತ್ತಡ ಸ್ವಲ್ಪ ಹೆಚ್ಚಿದ್ದರೆ ಶಾಖ ಸ್ವಲ್ಪ ಇಳಿಸು' ಎಂಬಂತಹ ಮಾತಿನ ನಿಯಮಗಳಿಂದ ನಡೆಸಿ ತೋರಿಸಿದರು. ಅಲ್ಲಿಂದ ಡೆನ್ಮಾರ್ಕಿನ ಎಫ್.ಎಲ್. ಸ್ಮಿತ್ ಸಂಸ್ಥೆ ಸಿಮೆಂಟ್ ಗೂಡುಗಳ ನಿಯಂತ್ರಣಕ್ಕೆ ಅದನ್ನು ತಂದಿತು. ನಿಮ್ಮ ಜಿಲ್ಲೆಯಲ್ಲಿ ಸಿಮೆಂಟ್ ಕಾರ್ಖಾನೆಗಳಿರುವುದರಿಂದ, ಗೂಡಿನ ಒಳಗಿನ ಬೆಂಕಿಯ ಬಣ್ಣ ನೋಡಿ ಕಲ್ಲಿದ್ದಲು ಹೆಚ್ಚು ಕಡಿಮೆ ಮಾಡುವ ಅನುಭವಿ ಕೆಲಸಗಾರರ ಜಾಣ್ಮೆಯನ್ನು ಲೆಕ್ಕಕ್ಕೆ ಇಳಿಸುವುದು ಎಂತಹ ಕೆಲಸವೆಂದು ನಿಮಗೆ ಗೊತ್ತು. 1987ರಲ್ಲಿ ಜಪಾನಿನ ಸೆಂಡೈ ನಗರದ ಸುರಂಗ ರೈಲು ಹಿಟಾಚಿ ರೂಪಿಸಿದ ಫಜಿ ನಿಯಂತ್ರಣದಿಂದ ಓಡಿತು. 1965ರಿಂದ 1987ಕ್ಕೆ 22 ವರ್ಷ. ಎರಡು ವರ್ಷದ ಉಲ್ಲೇಖ ನೋಡಿ ತೀರ್ಪು ಕೊಡುವ ಯಾವ ಅಳತೆಗೂ ಇದು ಸಿಗುತ್ತಿರಲಿಲ್ಲ.

ನಿಮ್ಮ 140ನ್ನು ಕುಳಿತು ವಿಂಗಡಿಸಿ. ನಿಮ್ಮ ಸೂತ್ರವನ್ನು ಬೇರೆಯವರು ತಮ್ಮ ದತ್ತಾಂಶಕ್ಕೆ ಹಚ್ಚಿದ ಲೇಖನ ಐದೇ ಸಿಕ್ಕರೂ ಅವನ್ನು ಬೇರೆ ಬರೆದಿಟ್ಟುಕೊಂಡು, ಮುಂದಿನ ಬಡ್ತಿಯ ಅರ್ಜಿಯಲ್ಲಿ ಒಟ್ಟು ಸಂಖ್ಯೆಯ ಬದಲು ಆ ಐದನ್ನು ವಿವರಿಸಿ. ಆಗ ನಿಮ್ಮ ಸಹೋದ್ಯೋಗಿಯೂ ಮಾತನಾಡುವುದಕ್ಕೆ ಒಂದು ವಿಷಯ ಸಿಗುತ್ತದೆ.

ಪ್ರಶ್ನೆ: ನಾನು ರೈತರೊಡನೆ ಕೆಲಸ ಮಾಡುವ ಅಧಿಕಾರಿ. ನಮ್ಮ ತಾಲ್ಲೂಕಿನಂತಹ ಒಣಪ್ರದೇಶಕ್ಕೆ ದ್ರಾಕ್ಷಿ, ದಾಳಿಂಬೆ, ಹಿಂಗಾರಿ ಜೋಳಗಳಲ್ಲಿ ದಾಳಿಂಬೆಯೇ ಉತ್ತಮ ಎಂದು ಫಜಿ ವಿಧಾನದಿಂದ ತೀರ್ಮಾನಿಸಿದ ಒಂದು ಲೇಖನ ಕೈಗೆ ಬಂದಿದೆ. ಒಳ್ಳೆಯ ಜರ್ನಲ್, ಒಳ್ಳೆಯ ಉಲ್ಲೇಖ. ಇದನ್ನು ರೈತರಿಗೆ ಹೇಳಬಹುದೇ?
– ವಿಜಯಪುರ ಜಿಲ್ಲೆಯ ಓದುಗರು

ಉತ್ತರ: ಈ ನಾಲ್ಕು ಪತ್ರಗಳಲ್ಲಿ ನಿಮ್ಮದೇ ನನಗೆ ಮುಖ್ಯವಾಗಿ ಕಂಡಿತು. ಉಲ್ಲೇಖದ ಲೆಕ್ಕದಲ್ಲಿ ತಪ್ಪಾದರೆ ಒಬ್ಬರ ಬಡ್ತಿ ತಡವಾಗುತ್ತದೆ. ನಿಮ್ಮ ಲೆಕ್ಕದಲ್ಲಿ ತಪ್ಪಾದರೆ ಒಂದು ಮನೆತನ ಸಾಲಕ್ಕೆ ಬೀಳುತ್ತದೆ.

ಇಂತಹ ಲೇಖನದ ಒಳಗೆ ಏನು ನಡೆಯುತ್ತದೆ ಎಂಬುದನ್ನು ಒಂದು ಸಣ್ಣ ಲೆಕ್ಕದಿಂದ ತೋರಿಸುತ್ತೇನೆ. ಅಂಕಿಗಳು ನಾನು ಊಹಿಸಿಕೊಂಡವು, ಯಾವ ಸಮೀಕ್ಷೆಯವೂ ಅಲ್ಲ. 1970ರಲ್ಲಿ ರಿಚರ್ಡ್ ಬೆಲ್‌ಮನ್ ಮತ್ತು ಜಾದೆ ಸೇರಿ ಬರೆದ ಲೇಖನದಲ್ಲಿ, ನಿರ್ಧಾರವೆಂದರೆ ಗುರಿ ಮತ್ತು ನಿರ್ಬಂಧ ಎರಡನ್ನೂ ಒಟ್ಟಿಗೆ ತಣಿಸುವುದು ಎಂದು ಹೇಳಿದರು. ನಮ್ಮ ಗುರಿ 'ಒಳ್ಳೆಯ ಆದಾಯ', ನಿರ್ಬಂಧ 'ಇರುವ ನೀರಿಗೆ ಒಗ್ಗಬೇಕು' ಎಂದಿರಲಿ. ಆದಾಯದ ಮಟ್ಟ ದ್ರಾಕ್ಷಿಗೆ 0.9, ದಾಳಿಂಬೆಗೆ 0.7, ಜೋಳಕ್ಕೆ 0.4 ಎಂದುಕೊಳ್ಳೋಣ. ನೀರಿಗೆ ಒಗ್ಗುವ ಮಟ್ಟ ಅದೇ ಕ್ರಮದಲ್ಲಿ 0.3, 0.6, 0.9. ಬೆಲ್‌ಮನ್ ಮತ್ತು ಜಾದೆ ಹೇಳಿದಂತೆ ಪ್ರತಿ ಬೆಳೆಗೂ ಎರಡರಲ್ಲಿ ಚಿಕ್ಕದನ್ನು ತೆಗೆದುಕೊಂಡರೆ 0.3, 0.6, 0.4 ಬರುತ್ತದೆ. ಇವುಗಳಲ್ಲಿ ದೊಡ್ಡದು 0.6, ಆದ್ದರಿಂದ ದಾಳಿಂಬೆ ಗೆಲ್ಲುತ್ತದೆ.

ಈಗ ಚಿಕ್ಕದನ್ನು ತೆಗೆದುಕೊಳ್ಳುವ ಬದಲು ಎರಡರ ಸರಾಸರಿ ತೆಗೆಯಿರಿ. ದ್ರಾಕ್ಷಿ 0.6, ದಾಳಿಂಬೆ 0.65, ಜೋಳವೂ 0.65. ದಾಳಿಂಬೆಯ ಗೆಲುವು ಹೋಗಿ ಸಮ ಆಯಿತು. ಅಂಕಿಗಳು ಅವೇ, ಹೊಲ ಅದೇ, ಬದಲಾದದ್ದು ಸೂತ್ರ ಮಾತ್ರ. ಇನ್ನೊಂದು ಬದಲಾವಣೆ ಮಾಡಿ. ದಾಳಿಂಬೆಗೆ ಬರುವ ದುಂಡಾಣು ಅಂಗಮಾರಿ ನಿಮ್ಮ ಜಿಲ್ಲೆಯ ಬೆಳೆಗಾರರಿಗೆ ಚೆನ್ನಾಗಿ ಗೊತ್ತು. ಆ ರೋಗದ ವರ್ಷದಲ್ಲಿ ದಾಳಿಂಬೆಯ ಆದಾಯದ ಮಟ್ಟ 0.7ರಿಂದ 0.35ಕ್ಕೆ ಇಳಿದರೆ, ಚಿಕ್ಕದನ್ನು ತೆಗೆದುಕೊಳ್ಳುವ ವಿಧಾನದಲ್ಲಿಯೂ ಫಲ 0.3, 0.35, 0.4 ಆಗಿ ಜೋಳ ಮೇಲೆ ಬರುತ್ತದೆ. ಹೀಗೆ ಅಂಕಿಗಳನ್ನು ಒಂದೊಂದಾಗಿ ಅಲುಗಾಡಿಸಿ ತೀರ್ಮಾನ ನಿಲ್ಲುತ್ತದೆಯೇ ಎಂದು ನೋಡುವ ಪರೀಕ್ಷೆಗೆ ಸೆನ್ಸಿಟಿವಿಟಿ ಅನಾಲಿಸಿಸ್ ಎನ್ನುತ್ತಾರೆ. ನಿಮ್ಮ ಕೈಯಲ್ಲಿರುವ ಲೇಖನದಲ್ಲಿ ಅದು ಇದೆಯೇ ಎಂದು ಮೊದಲು ನೋಡಿ. ಇದ್ದರೂ, ಮಾನದಂಡಗಳ ತೂಕವನ್ನಷ್ಟೇ ಬದಲಿಸಿ ನೋಡಿದ್ದಾರೋ, ರೋಗ, ಬೆಲೆ ಕುಸಿತ, ಬೋರ್‌ವೆಲ್ ಬತ್ತುವುದು ಇಂತಹ ನಿಜವಾದ ಏರುಪೇರುಗಳನ್ನು ಹಾಕಿ ನೋಡಿದ್ದಾರೋ ಗಮನಿಸಿ.

ಎರಡನೆಯದಾಗಿ, 'ಹೆಚ್ಚು', 'ಮಧ್ಯಮ', 'ಕಡಿಮೆ' ಎಂಬ ಅಭಿಪ್ರಾಯಗಳನ್ನು ಕೊಟ್ಟ ತಜ್ಞರು ಯಾರು ಎಂಬುದನ್ನು ಹುಡುಕಿ. ಈ ಬಗೆಯ ಲೇಖನಗಳಲ್ಲಿ ಸಾಮಾನ್ಯವಾಗಿ ಮೂವರು ನಾಲ್ವರು ತಜ್ಞರ ಅಭಿಪ್ರಾಯವೇ ಎಲ್ಲ ಲೆಕ್ಕದ ಬುನಾದಿ. ಎರಿ ಭೂಮಿಗೂ ಮಸಾರಿಗೂ ನೀರು ಹಿಡಿದಿಡುವ ಶಕ್ತಿಯಲ್ಲಿ ಇರುವ ವ್ಯತ್ಯಾಸ ಗೊತ್ತಿಲ್ಲದವರು ಕೊಟ್ಟ 'ಮಧ್ಯಮ' ಎಂಬ ಮಾತನ್ನು ಎಷ್ಟೇ ನಾಜೂಕಿನ ಗಣಿತದಿಂದ ಸಂಸ್ಕರಿಸಿದರೂ ಅದು ಬಲ್ಲವರ ಮಾತಾಗುವುದಿಲ್ಲ. ಬೆಳೆಗಾರರನ್ನು ಕೇಳಿದ್ದಾರೆಯೇ? ಕೇಳಿದ್ದರೆ ಕಾಲುವೆ ನೀರು ಇರುವವರನ್ನೋ, ಬೋರ್‌ವೆಲ್ ನಂಬಿದವರನ್ನೋ?

ಮೂರನೆಯದು ತಾಂತ್ರಿಕವಾದದ್ದು, ಆದರೆ ಬಿಡುವಂತಿಲ್ಲ. ಪಟ್ಟಿಗೆ ಹೊಸದೊಂದು ಪರ್ಯಾಯ ಸೇರಿಸಿದಾಗ ಹಳೆಯ ಪರ್ಯಾಯಗಳ ನಡುವಿನ ಕ್ರಮವೇ ತಿರುಗುಮುರುಗಾಗುವ ದೋಷವನ್ನು 1983ರಲ್ಲಿ ಬೆಲ್ಟನ್ ಮತ್ತು ಗಿಯರ್ ಎಎಚ್‌ಪಿಯಲ್ಲಿ ತೋರಿಸಿದರು, ಟಾಪ್ಸಿಸ್‌ನಲ್ಲಿಯೂ ಹಾಗಾಗಬಹುದು. ನೀವು ಲಿಂಬೆಯನ್ನು ನಾಲ್ಕನೆಯ ಬೆಳೆಯಾಗಿ ಸೇರಿಸಿದ ಮಾತ್ರಕ್ಕೆ ದಾಳಿಂಬೆ ಮತ್ತು ಜೋಳಗಳ ಸ್ಥಾನ ಅದಲುಬದಲಾದರೆ, ಆ ರ‍್ಯಾಂಕಿಂಗನ್ನು ಹಿಡಿದುಕೊಂಡು ರೈತನ ಮುಂದೆ ನಿಲ್ಲಲು ಬರುವುದಿಲ್ಲ. ಲಿಂಬೆಗೆ ಹೆಸರಾದ ಇಂಡಿ ನಿಮ್ಮ ಜಿಲ್ಲೆಯಲ್ಲಿಯೇ ಇರುವಾಗ ಅದನ್ನು ಪಟ್ಟಿಯಿಂದ ಏಕೆ ಬಿಟ್ಟರು ಎಂದೂ ಕೇಳಬೇಕಾಗುತ್ತದೆ.

ಲೇಖನ ಈ ಮೂರರಲ್ಲಿಯೂ ನಿಂತರೆ ಅದನ್ನು ಸಭೆಗೆ ಒಯ್ಯಿರಿ, ಆದರೆ ಅದರ ತೀರ್ಮಾನವನ್ನಲ್ಲ, ಅದರ ಕೋಷ್ಟಕವನ್ನು. ಅಂಕಿಗಳನ್ನು ಕನ್ನಡದಲ್ಲಿ ದೊಡ್ಡ ಹಾಳೆಯ ಮೇಲೆ ಬರೆದು, ನಿಮ್ಮ ಊರಿನ ಬೆಳೆಗಾರರಿಂದಲೇ ಪ್ರತಿ ಅಂಕಿಯನ್ನು ತಿದ್ದಿಸಿ, ಮತ್ತೆ ಲೆಕ್ಕ ಹಾಕಿ. ಮೂರು ಬೆಳೆ, ಎರಡು ಮಾನದಂಡಗಳ ಲೆಕ್ಕಕ್ಕೆ ಕಂಪ್ಯೂಟರ್ ಕೂಡ ಬೇಡ. ಬಂದ ಫಲವನ್ನು, ಅದು ಲೇಖನದ ತೀರ್ಮಾನಕ್ಕೆ ವಿರುದ್ಧವಾಗಿದ್ದರೂ, ಲೇಖಕರಿಗೆ ಇ-ಮೇಲ್ ಮೂಲಕ ಕಳುಹಿಸಿ. ಲೇಖನದ ಮೊದಲ ಪುಟದಲ್ಲಿಯೇ ಅವರ ವಿಳಾಸ ಇರುತ್ತದೆ. ನಿಮ್ಮ ತಿದ್ದುಪಡಿಗಳನ್ನು ಸೇರಿಸಿ ಅವರು ಮುಂದಿನ ಲೇಖನ ಬರೆದರೆ ಅದರ ಪ್ರತಿಯನ್ನು ಕೇಳಿ ತರಿಸಿಕೊಂಡು, ತಿದ್ದಿದ ರೈತರಿಗೆ ಓದಿ ಹೇಳಿ.